ಮನೆಯಿಂದ ಆನ್‌ಲೈನ್ ವ್ಯಾಪಾರ: ಮೊದಲ ಪಾರ್ಸೆಲ್ ಕಳಿಸುವ ಮುನ್ನ ಮಾಡಿಕೊಳ್ಳಬೇಕಾದ ಕಾನೂನಿನ ಸಿದ್ಧತೆ

ಧಾರವಾಡದ ಮನೆಯೊಂದರಲ್ಲಿ ಗೃಹಿಣಿಯೊಬ್ಬರು ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಡಕ್ ರೊಟ್ಟಿ ಮಾಡಿ ಮಾರುತ್ತಿದ್ದಾರೆ ಎಂದು ಇಟ್ಟುಕೊಳ್ಳೋಣ. ಮೊದಲು ಓಣಿಯವರು ಕೊಂಡರು, ಆಮೇಲೆ ವಾಟ್ಸ್‌ಆ್ಯಪ್ ಸ್ಟೇಟಸ್ ನೋಡಿ ಹುಬ್ಬಳ್ಳಿ, ಬೆಳಗಾವಿಯವರು ಕೇಳಿದರು, ಮಗಳು ಇನ್‌ಸ್ಟಾಗ್ರಾಂ ಪುಟ ತೆರೆದುಕೊಟ್ಟಳು, ಒಂದು ದಿನ ಪುಣೆಯಿಂದ ಎರಡು ಕಿಲೋ ಚಟ್ನಿಪುಡಿಗೆ ಆರ್ಡರ್ ಬಂತು. ಆ ಪಾರ್ಸೆಲ್ ಕೊರಿಯರ್ ಅಂಗಡಿ ಸೇರಿದ ದಿನವೇ, ಅವರ ಗಮನಕ್ಕೆ ಬಾರದಂತೆ, ವ್ಯಾಪಾರದ ಕಾನೂನು ಸ್ವರೂಪ ಬದಲಾಗಿರುತ್ತದೆ. ಒಲೆ, ಒಳಕಲ್ಲು, ಕೈ ಎಲ್ಲವೂ ಧಾರವಾಡದಲ್ಲೇ ಇದ್ದರೂ ತೆರಿಗೆ ಕಾನೂನು ಮಾಲು ತಲುಪುವ ರಾಜ್ಯವನ್ನು ನೋಡುತ್ತದೆ, ಗ್ರಾಹಕ ಕಾನೂನು ಕೊಂಡವರು ವಾಸಿಸುವ ಊರನ್ನು ನೋಡುತ್ತದೆ. ಸಣ್ಣ ಉದ್ಯಮಿಗಳ ನೋಂದಣಿ ಮತ್ತು ತೆರಿಗೆ ಪತ್ರಗಳ ಕೆಲಸ ಮಾಡುವ ನಾನು ಕಂಡಂತೆ, ನೋಟಿಸ್ ಹಿಡಿದು ಬರುವವರಲ್ಲಿ ಮೋಸ ಮಾಡಿದವರು ವಿರಳ. ಈ ಒಂದು ವ್ಯತ್ಯಾಸವನ್ನು ಯಾರೂ ಹೇಳಿಕೊಡದೆ ಹೋದವರೇ ಹೆಚ್ಚು. ಅವರಿಗಾಗಿ, ಯಾವ ಕ್ರಮದಲ್ಲಿ ಸಿದ್ಧತೆ ಮಾಡಿಕೊಳ್ಳಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಮಾರುವ ವಸ್ತುವಿಗೇ ಪರವಾನಗಿ ಬೇಕೇ ನೋಡಿ

ಬಹಳ ಮಂದಿ ಜಿಎಸ್‌ಟಿಯಿಂದ ಆರಂಭಿಸುತ್ತಾರೆ. ಅದಕ್ಕಿಂತ ಮುಂಚಿನ ಪ್ರಶ್ನೆ, ನೀವು ಮಾರುವ ವಸ್ತುವನ್ನು ತಯಾರಿಸಲು ಅಥವಾ ಮಾರಲು ಪ್ರತ್ಯೇಕ ಅನುಮತಿ ಬೇಕೇ ಎಂಬುದು. ಆಹಾರ ಪದಾರ್ಥವಾದರೆ, ಮನೆಯ ಅಡುಗೆಮನೆಯಲ್ಲೇ ಮಾಡಿದ್ದರೂ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅಡಿಯಲ್ಲಿ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ನೋಂದಣಿ ಬೇಕು. ವಹಿವಾಟು ನಿಗದಿತ ಮಿತಿಯನ್ನು ದಾಟಿದರೆ ನೋಂದಣಿಯ ಬದಲು ಲೈಸೆನ್ಸ್ ಬೇಕು. ಅರ್ಜಿಯನ್ನು ಆ ಪ್ರಾಧಿಕಾರದ ಫೋಸ್ಕಾಸ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಪರಿಚಯದವರ ಸಂಖ್ಯೆಯನ್ನು ತಾತ್ಕಾಲಿಕವಾಗಿ ಹಾಕಿಕೊಳ್ಳುವ ರೂಢಿ ಕೆಲವೆಡೆ ಇದೆ. ಅದು ನೋಂದಣಿ ಇಲ್ಲದಿರುವುದಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಅಲ್ಲಿ ಅಜ್ಞಾನದ ಜೊತೆ ಸುಳ್ಳೂ ಸೇರಿಕೊಳ್ಳುತ್ತದೆ.

ಸಾಬೂನು, ತಲೆಗೆ ಹಚ್ಚುವ ಎಣ್ಣೆ, ಮುಖಕ್ಕೆ ಹಚ್ಚುವ ಲೇಪಗಳನ್ನು ಮನೆಯಲ್ಲಿ ಮಾಡಿ ಮಾರುವವರು ಈಗ ಊರೂರಲ್ಲಿದ್ದಾರೆ. ಇವು ಸೌಂದರ್ಯವರ್ಧಕಗಳು, 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಗೆ ರಾಜ್ಯದ ಔಷಧ ನಿಯಂತ್ರಣ ಪ್ರಾಧಿಕಾರದಿಂದ ಲೈಸೆನ್ಸ್ ಪಡೆಯಬೇಕು. ಎಲ್ಲ ಪದಾರ್ಥಗಳೂ ಪ್ರಕೃತಿಸಹಜ ಎಂಬ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ಎಣ್ಣೆ, ಕಷಾಯ, ಪುಡಿ ಯಾವುದೇ ಇರಲಿ, ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಎಂಬಂತಹ ಮಾತನ್ನು ಪೋಸ್ಟ್‌ನಲ್ಲಾಗಲಿ ರೀಲ್ಸ್‌ನಲ್ಲಾಗಲಿ ಹಾಕಬೇಡಿ. ಕೆಲವು ಕಾಯಿಲೆಗಳಿಗೆ ಔಷಧವಿದೆ ಎಂದು ಜಾಹೀರಾತು ನೀಡುವುದನ್ನು 1954ರ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆ ಪಟ್ಟಿಯಲ್ಲಿ ಮಧುಮೇಹವೂ ಇದೆ.

ಆಟಿಕೆಗಳ ವಿಷಯದಲ್ಲಿ 2021ರ ಜನವರಿ 1ರಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟದ ಗುರುತು ಕಡ್ಡಾಯವಾಗಿದೆ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಯಾರಿಸಿದ ಆಟಿಕೆಗಳಿಗೂ, ಊರಿನ ಹೆಸರಿನಿಂದ ಗುರುತಾದ ವಸ್ತುಗಳಿಗೆ ಸಿಗುವ ಜಿಐ (ಭೌಗೋಳಿಕ ಸೂಚಕ) ನೋಂದಣಿಯ ಅಧಿಕೃತ ಬಳಕೆದಾರರು ತಯಾರಿಸಿದವುಗಳಿಗೂ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಗಳನ್ನು ತಂದು ಆನ್‌ಲೈನ್‌ನಲ್ಲಿ ಮಾರುವವರು, ತಮಗೆ ಮಾಲು ಕೊಡುವ ಕುಶಲಕರ್ಮಿಯ ನೋಂದಣಿಯ ನಕಲನ್ನು ಇಟ್ಟುಕೊಂಡರೆ ಈ ವಿನಾಯಿತಿಯನ್ನು ತೋರಿಸಲು ಸಾಧ್ಯ.

ಎರಡನೆಯ ಹೆಜ್ಜೆ: ಜಿಎಸ್‌ಟಿ ಲೆಕ್ಕ

ಕರ್ನಾಟಕದಲ್ಲಿ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ, ಸೇವೆ ಒದಗಿಸುವವರಿಗೆ 20 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ಎಲ್ಲರ ಬಾಯಲ್ಲೂ ಇರುವುದು ಇಷ್ಟೇ, ಆದರೆ ಆನ್‌ಲೈನ್ ವ್ಯಾಪಾರಿಗೆ ಪೂರ್ಣ ಅನ್ವಯಿಸದಿರುವುದೂ ಇಷ್ಟೇ. ಬೇರೆ ರಾಜ್ಯಕ್ಕೆ ತೆರಿಗೆಗೆ ಒಳಪಡುವ ಸರಕನ್ನು ಮಾರಿದರೆ, ವಹಿವಾಟು ಎಷ್ಟೇ ಕಡಿಮೆ ಇದ್ದರೂ, ನೋಂದಣಿ ಕಡ್ಡಾಯ. ಪುಣೆಗೆ ಹೋದ ಎರಡು ಕಿಲೋ ಚಟ್ನಿಪುಡಿ ಈ ನಿಯಮದ ಒಳಗೆ ಬರುತ್ತದೆ. ಹೊರರಾಜ್ಯಕ್ಕೆ ಸೇವೆ ಒದಗಿಸುವವರಿಗೆ 20 ಲಕ್ಷದ ಮಿತಿ ಮುಂದುವರಿಯುತ್ತದೆ. ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಕರಕುಶಲ ವಸ್ತುಗಳಿಗೂ ಷರತ್ತುಬದ್ಧ ವಿನಾಯಿತಿ ಇದೆ. ತೆರಿಗೆರಹಿತ ವಸ್ತುಗಳನ್ನು ಮಾತ್ರ ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ, ಆದರೆ ಅದೇ ಡಬ್ಬಿಯಲ್ಲಿ ತೆರಿಗೆ ಇರುವ ಒಂದು ವಸ್ತು ಸೇರಿದರೂ ‘ಮಾತ್ರ’ ಎಂಬ ಪದ ಬಿದ್ದುಹೋಗುತ್ತದೆ. ಆಗ ವಹಿವಾಟಿನ ಮಿತಿಯನ್ನು ಲೆಕ್ಕ ಹಾಕುವಾಗ ತೆರಿಗೆರಹಿತ ಮಾರಾಟವೂ ಒಟ್ಟು ಮೊತ್ತಕ್ಕೆ ಸೇರುತ್ತದೆ.

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋದಂತಹ ಮಾರುಕಟ್ಟೆ ತಾಣಗಳ ಮೂಲಕ ಮಾರುವವರಿಗೆ ಮೊದಲು ಯಾವ ಮಿತಿಯೂ ಇಲ್ಲದೆ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ, ರಾಜ್ಯದೊಳಗೆ ಮಾತ್ರ ಸರಕು ಮಾರುವ, ಮಿತಿಯೊಳಗಿನ ವ್ಯಾಪಾರಿಗಳು ಜಿಎಸ್‌ಟಿ ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆಯೊಂದನ್ನು ಪಡೆದು ಮಾರಬಹುದು. ನೋಂದಾಯಿತ ವ್ಯಾಪಾರಿಯ ಹಣದಲ್ಲಿ ತಾಣವು 0.5 ಶೇಕಡಾ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. 2024ರ ಜುಲೈ 10ಕ್ಕಿಂತ ಮುಂಚೆ ಇದು 1 ಶೇಕಡಾ ಇತ್ತು. ಈ ಮೊತ್ತ ನಿಮ್ಮ ಜಿಎಸ್‌ಟಿ ನಗದು ಲೆಡ್ಜರ್‌ಗೆ ಬರುತ್ತದೆ, ಆದರೆ ಪೋರ್ಟಲ್‌ನಲ್ಲಿ ಅದನ್ನು ನೀವೇ ಒಪ್ಪಿ ಪಡೆದುಕೊಳ್ಳಬೇಕು. ತಿಂಗಳುಗಟ್ಟಲೆ ಈ ಹಣವನ್ನು ಪೋರ್ಟಲ್‌ನಲ್ಲೇ ಬಿಟ್ಟವರನ್ನು ನೋಡಿ ನನಗೆ ಸಂಕಟವಾಗಿದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಪ್ರತ್ಯೇಕವಾಗಿ 0.1 ಶೇಕಡಾ ಕಡಿತವೂ ಆಗಬಹುದು.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಗ್ರಾಹಕರು 1,000 ರೂಪಾಯಿ ಕೊಟ್ಟಿರುತ್ತಾರೆ, ತಾಣವು ಕಮಿಷನ್, ಸಾಗಣೆ ವೆಚ್ಚ, ಟಿಸಿಎಸ್ ಎಲ್ಲ ಕಳೆದು 760 ರೂಪಾಯಿಯನ್ನು ನಿಮ್ಮ ಖಾತೆಗೆ ಹಾಕಿರುತ್ತದೆ. ಬ್ಯಾಂಕ್ ಪಾಸ್‌ಬುಕ್ ನೋಡಿ ಲೆಕ್ಕ ಬರೆಯುವವರು 760 ಎಂದೇ ಬರೆದುಕೊಳ್ಳುತ್ತಾರೆ. ಕಾನೂನಿನ ಕಣ್ಣಿನಲ್ಲಿ ವಹಿವಾಟನ್ನು ಅಳೆಯುವುದು ಗ್ರಾಹಕರು ಕೊಟ್ಟ ಬೆಲೆಯಿಂದ, ಉಳಿದವು ನಿಮ್ಮ ಖರ್ಚು. ತಾಣವು ಇಲಾಖೆಗೆ ಪೂರ್ಣ ಮೊತ್ತದ ವರದಿ ಸಲ್ಲಿಸುತ್ತದೆ, ನೀವು ಸಲ್ಲಿಸುವ ಲೆಕ್ಕ ಅದಕ್ಕೆ ಹೊಂದುವುದಿಲ್ಲ, ನೋಟಿಸ್ ಬರುತ್ತದೆ. ಆದ್ದರಿಂದ ತಾಣದ ಡ್ಯಾಶ್‌ಬೋರ್ಡ್‌ನಿಂದ ಪ್ರತಿ ತಿಂಗಳ ಮಾರಾಟ ವರದಿಯನ್ನು ಇಳಿಸಿಕೊಂಡು, ವಾಪಸ್ ಬಂದ ಮಾಲನ್ನು ಅದರಲ್ಲೇ ಗುರುತಿಸಿ ಇಟ್ಟುಕೊಳ್ಳಿ.

2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿ, ತರಕಾರಿ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ ಎಷ್ಟು ಕಳವಳವಾಯಿತೆಂಬುದು ಎಲ್ಲರಿಗೂ ನೆನಪಿದೆ. ವ್ಯಾಪಾರಿಗಳು ಬಂದ್‌ಗೆ ಕರೆ ನೀಡಿದರು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರೊಂದಿಗೆ ಸಭೆ ನಡೆಸಿ ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಆ ದಿನಗಳಲ್ಲಿ ಹಲವರು ಯುಪಿಐ ಫಲಕಗಳನ್ನು ತೆಗೆದು ‘ನಗದು ಮಾತ್ರ’ ಎಂದು ಬರೆದರು. ಆನ್‌ಲೈನ್ ವ್ಯಾಪಾರಿಗೆ ಆ ದಾರಿಯೂ ಇಲ್ಲ. ಪ್ರತಿ ರೂಪಾಯಿಯೂ ದಾಖಲೆಯೊಂದಿಗೇ ಬರುತ್ತದೆ. ಹಾಗಾಗಿ ವ್ಯಾಪಾರಕ್ಕೆಂದೇ ಪ್ರತ್ಯೇಕ ಖಾತೆ, ಪ್ರತ್ಯೇಕ ಯುಪಿಐ ಐಡಿ ಇಡಿ. ಅಣ್ಣ ಕಳಿಸಿದ ಕೈಸಾಲ, ಸಂಘದ ಚೀಟಿ ಹಣ, ಮಾರಾಟದ ಹಣ ಮೂರೂ ಒಂದೇ ಖಾತೆಗೆ ಬಂದಿದ್ದರೆ, ಯಾವುದು ವ್ಯಾಪಾರದ್ದಲ್ಲ ಎಂದು ತೋರಿಸುವ ಹೊರೆ ನಾಲ್ಕು ವರ್ಷಗಳ ನಂತರ ನಿಮ್ಮ ತಲೆಯ ಮೇಲೆಯೇ ಬೀಳುತ್ತದೆ.

ಮೂರನೆಯ ಹೆಜ್ಜೆ: ಪೊಟ್ಟಣ ಮತ್ತು ಪುಟ, ಎರಡರ ಮೇಲೂ ಬರಹ

ಕಳೆದ ತಿಂಗಳು ನನ್ನ ಮೇಜಿನ ಮೇಲೆ ಬಂದ ಪೊಟ್ಟಣವೊಂದನ್ನು ವಿವರಿಸುತ್ತೇನೆ. ಕಂದು ಕಾಗದದ ಜಿಪ್ ಚೀಲ, ಮುಂದೆ ಒಂದು ಕಿಟಕಿ, ಅದರಲ್ಲಿ ಕೆಂಪು ಪುಡಿ. ಅಂಟಿಸಿದ ದುಂಡನೆಯ ಸ್ಟಿಕ್ಕರ್‌ನಲ್ಲಿ ಬ್ರ್ಯಾಂಡ್ ಹೆಸರು, ಒಂದು ಹೂವಿನ ಚಿತ್ರ, ಇನ್‌ಸ್ಟಾಗ್ರಾಂ ಹೆಸರು. ಅಷ್ಟೇ. ಕಣ್ಣಿಗೆ ಬಹಳ ಚೆಂದವಿತ್ತು, ಆದರೆ 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಕೇಳುವ ಒಂದೂ ಅಂಶ ಅದರಲ್ಲಿರಲಿಲ್ಲ. ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು ಮತ್ತು ಪೂರ್ಣ ವಿಳಾಸ, ವಸ್ತುವಿನ ಸಾಮಾನ್ಯ ಹೆಸರು, ನಿವ್ವಳ ತೂಕ, ತಯಾರಿಸಿದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ಮತ್ತು ಇಮೇಲ್ ಇರಬೇಕು. ಆಹಾರವಾದರೆ ಇವುಗಳ ಜೊತೆ ಪದಾರ್ಥಗಳ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, ಯಾವ ದಿನಾಂಕದವರೆಗೆ ಬಳಸಬಹುದು ಎಂಬುದು, ಎಫ್‌ಎಸ್‌ಎಸ್‌ಎಐ ಸಂಖ್ಯೆ ಬೇಕು. ಶೇಂಗಾ ಒಗ್ಗದವರಿಗೆ ಅದು ಪ್ರಾಣಾಪಾಯ ತರಬಲ್ಲದು. ಶೇಂಗಾ ಚಟ್ನಿ ಕುಟ್ಟಿದ ಒಳಕಲ್ಲಿನಲ್ಲೇ ಗುರೆಳ್ಳು ಪುಡಿಯನ್ನೂ ಕುಟ್ಟುವುದಾದರೆ ಆ ಮಾತನ್ನು ಗುರೆಳ್ಳು ಪೊಟ್ಟಣದ ಮೇಲೆ ಬರೆಯುವುದನ್ನು ನಾನು ಕಾನೂನಿಗಿಂತ ಮೊದಲು ಮನುಷ್ಯತ್ವದ ವಿಷಯವೆಂದು ಎಣಿಸುತ್ತೇನೆ.

ತಯಾರಿಕೆಯ ತಿಂಗಳು, ವರ್ಷವನ್ನು ಬಿಟ್ಟು ಮೇಲೆ ಹೇಳಿದ 2011ರ ನಿಯಮಗಳ ವಿವರಗಳು ಗ್ರಾಹಕರು ಆರ್ಡರ್ ಮಾಡುವ ಪುಟದಲ್ಲೂ ಕಾಣಬೇಕು. 2018ರ ಜನವರಿಯಿಂದ ಈ ನಿಯಮವಿದೆ. ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಎಂದು ಬರೆಯುವುದು ಇನ್‌ಸ್ಟಾಗ್ರಾಂನಲ್ಲಿ ಎಷ್ಟೇ ರೂಢಿಯಲ್ಲಿದ್ದರೂ, ಬೆಲೆಯನ್ನು ಮುಚ್ಚಿಡುವುದು ಈ ನಿಯಮಕ್ಕೂ ಗ್ರಾಹಕ ಕಾನೂನಿಗೂ ವಿರುದ್ಧ.

ನಾಲ್ಕನೆಯ ಹೆಜ್ಜೆ: ಗ್ರಾಹಕರೊಂದಿಗಿನ ಕರಾರು

ಗುಂಡಿ ಒತ್ತಿ ಮಾಡಿದ ಒಪ್ಪಂದಕ್ಕೂ ಕಾನೂನಿನ ಮಾನ್ಯತೆಯಿದೆ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ಆದ್ದರಿಂದ ನಿಮ್ಮ ತಾಣದಲ್ಲಿ ಹಾಕುವ ಷರತ್ತುಗಳನ್ನು ಬೇರೆ ಕಂಪನಿಯ ಪುಟದಿಂದ ಎತ್ತಿ ಅಂಟಿಸಬೇಡಿ. ನೀವು ಪಾಲಿಸಲಾಗದ ಮಾತು ಅದರಲ್ಲಿದ್ದರೆ ಅದಕ್ಕೂ ನೀವೇ ಬದ್ಧರು.

2020ರ ಜುಲೈಯಲ್ಲಿ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ಸ್ವಂತ ಜಾಲತಾಣ ನಡೆಸುವವರಿಗೂ, ಬೇರೆ ತಾಣದಲ್ಲಿ ಮಾರುವವರಿಗೂ ಅನ್ವಯಿಸುತ್ತವೆ. ಕುಂದುಕೊರತೆ ಅಧಿಕಾರಿಯೊಬ್ಬರ ಹೆಸರು ಮತ್ತು ಸಂಪರ್ಕ ಇರಬೇಕು. ಸಣ್ಣ ಉದ್ಯಮದಲ್ಲಿ ಆ ಅಧಿಕಾರಿ ನೀವೇ ಆಗಿರುತ್ತೀರಿ. ದೂರು ಬಂದ 48 ಗಂಟೆಯೊಳಗೆ ತಲುಪಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಂಗಡಿಗಳ ಗೋಡೆಯ ಮೇಲೆ ಹಳೆಯ ಕಾಲದಿಂದ ಇರುವ ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಬರಹವನ್ನು ಹಾಗೆಯೇ ಜಾಲತಾಣಕ್ಕೆ ತಂದವರಿದ್ದಾರೆ. ದೋಷವಿರುವ, ಜಾಹೀರಾತಿನಲ್ಲಿ ತೋರಿಸಿದಂತಿಲ್ಲದ ಅಥವಾ ಹೇಳಿದ ದಿನಕ್ಕಿಂತ ತಡವಾಗಿ ತಲುಪಿದ ವಸ್ತುವನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ಸೀರೆಯ ಬಣ್ಣ ಫೋನಿನ ಪರದೆಯಲ್ಲಿ ಕಂಡದ್ದಕ್ಕಿಂತ ಬೇರೆ ಎಂಬ ದೂರು ಅತಿ ಹೆಚ್ಚು ಬರುತ್ತದೆ. ಹಗಲಿನ ಬೆಳಕಿನಲ್ಲಿ, ಫಿಲ್ಟರ್ ಇಲ್ಲದೆ ತೆಗೆದ ಒಂದು ಚಿತ್ರವನ್ನಾದರೂ ಹಾಕಿದ್ದರೆ ನಿಮ್ಮ ಕೈಯಲ್ಲಿ ಒಂದು ಉತ್ತರವಿರುತ್ತದೆ.

‘ಎಲ್ಲ ವ್ಯಾಜ್ಯಗಳೂ ಬೆಂಗಳೂರು ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ’ ಎಂಬ ಸಾಲನ್ನು ನಂಬಿ ಕೂರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಪುಣೆಯವರು ಪುಣೆಯಲ್ಲೇ, 400 ರೂಪಾಯಿಯ ಪೊಟ್ಟಣಕ್ಕೂ, ನಿಮ್ಮ ಮೇಲೆ ದೂರು ದಾಖಲಿಸಬಲ್ಲರು. ದೂರಿನ ಮೊದಲ ಫೋನ್ ಕರೆಯನ್ನು ಸ್ವೀಕರಿಸಿ ಮಾತನಾಡುವುದು ಅಲ್ಲಿಗೆ ಹೋಗಿ ಬರುವ ರೈಲು ಟಿಕೆಟ್‌ಗಿಂತ ಅಗ್ಗ.

ಮನೆಯವರಿಂದ, ಗೆಳೆಯರಿಂದ ಐದು ನಕ್ಷತ್ರದ ವಿಮರ್ಶೆ ಬರೆಸುವುದು, ಗ್ರಾಹಕರಂತೆ ನಟಿಸಿ ನೀವೇ ಬರೆಯುವುದು ಮೇಲೆ ಹೇಳಿದ ಇ-ಕಾಮರ್ಸ್ ನಿಯಮಗಳಿಗೆ ವಿರುದ್ಧ. ಇನ್‌ಸ್ಟಾಗ್ರಾಂನಲ್ಲಿ ಹೆಸರಾದವರಿಗೆ ಹಣ ಅಥವಾ ಉಚಿತ ಮಾಲು ಕೊಟ್ಟು ಮಾತಾಡಿಸಿದ್ದರೆ ಅದು ಜಾಹೀರಾತೆಂದು ಅವರು ಸ್ಪಷ್ಟವಾಗಿ ಹೇಳಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರವು 13 ಬಗೆಯ ಕಣ್ಕಟ್ಟು ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದೆಯೇ ಬುಟ್ಟಿಗೆ ಸೇರಿಸಿದ ವಸ್ತು, ಕೊನೆಯ ಪುಟದಲ್ಲಿ ಮಾತ್ರ ಕಾಣುವ ಹೆಚ್ಚುವರಿ ಶುಲ್ಕ ಆ ಪಟ್ಟಿಯಲ್ಲಿವೆ. ತಾಣ ಕಟ್ಟಿಕೊಡುವವರು ಇವನ್ನು ಸಿದ್ಧ ಸೌಲಭ್ಯಗಳಂತೆ ಹಾಕಿಕೊಡುವುದುಂಟು. ಬೇಡವೆಂದು ಹೇಳಿ ತೆಗೆಸಿ.

ಐದನೆಯ ಹೆಜ್ಜೆ: ಗ್ರಾಹಕರ ಹೆಸರು, ಫೋನ್, ವಿಳಾಸ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಉದ್ಯಮಗಳ ಮೇಲಿನ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಮಾಹಿತಿಯನ್ನು ಏಕೆ ಪಡೆಯುತ್ತಿದ್ದೀರಿ ಎಂದು ತಿಳಿಸಿ ಒಪ್ಪಿಗೆ ಪಡೆಯುವುದು ಇದರ ಮೂಲ. ಆ ತಿಳಿವಳಿಕೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕರಿಗಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹಾಕಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಆರ್ಡರ್‌ಗೆಂದು ಕೊಟ್ಟ ಫೋನ್ ಸಂಖ್ಯೆಗಳನ್ನೆಲ್ಲ ಕೇಳದೆ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸುವ ಅಭ್ಯಾಸವನ್ನು ಈಗಲೇ ಬಿಡಿ. ಇನ್ನೂರು ಅಪರಿಚಿತರಿಗೆ ಒಬ್ಬರ ಸಂಖ್ಯೆಯನ್ನು ಹಂಚಿದಂತಾಗುತ್ತದೆ.

ಆರನೆಯ ಹೆಜ್ಜೆ: ಹೆಸರು, ಚಿತ್ರ, ಊರಿನ ಕೀರ್ತಿ

ಬ್ರ್ಯಾಂಡ್ ಹೆಸರನ್ನು ಮುದ್ರಿಸುವ ಮುನ್ನ ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟ ಪುಟದಲ್ಲಿ ಅದನ್ನೂ, ಅದರಂತೆ ಕೇಳಿಸುವ ಹೆಸರುಗಳನ್ನೂ ನೋಡಿ. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಒಂದು ವರ್ಗಕ್ಕೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂಪಾಯಿ. ನೋಂದಣಿ 10 ವರ್ಷ ಇರುತ್ತದೆ. ಡೊಮೈನ್ ಹೆಸರಿಗೂ ಇದೇ ಬಗೆಯ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ್ದು ಬೆಂಗಳೂರಿನಿಂದ ಹೋದ ಪ್ರಕರಣದಲ್ಲೇ. ಸತ್ಯಂ ಇನ್ಫೋವೇ ಕಂಪನಿಯ ‘ಸಿಫಿ’ ಹೆಸರಿನಂತೆಯೇ ಕೇಳಿಸುವ ‘ಸಿಫಿನೆಟ್’ ಎಂಬ ಹೆಸರನ್ನು ಮತ್ತೊಂದು ಸಂಸ್ಥೆ ಬಳಸಿತ್ತು. ಸಿವಿಲ್ ನ್ಯಾಯಾಲಯ ತಡೆ ನೀಡಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆರವುಗೊಳಿಸಿತು, ಸುಪ್ರೀಂ ಕೋರ್ಟ್ ಮತ್ತೆ ತಡೆಯನ್ನು ಎತ್ತಿಹಿಡಿಯಿತು. ನಿಮ್ಮ ಡೊಮೈನ್ ನಿಮ್ಮದೇ ಹೆಸರಿನಲ್ಲಿ, ನಿಮ್ಮದೇ ಇಮೇಲ್‌ನಲ್ಲಿ ನೋಂದಣಿಯಾಗಿರಲಿ. ತಾಣ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದ್ದು, ಆತ ಊರು ಬಿಟ್ಟ ಮೇಲೆ ಪರದಾಡಿದವರು ಒಬ್ಬಿಬ್ಬರಲ್ಲ.

ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರಿಗೇ ಸೇರುತ್ತದೆ. ಹೊರಗಿನವರಿಂದ ಬರೆಸಿದ ತಾಣದ ಕೋಡ್ ಮತ್ತು ಬರಹಕ್ಕೆ ಹಾಗಲ್ಲ. ಹಕ್ಕನ್ನು ಲಿಖಿತವಾಗಿ ವರ್ಗಾಯಿಸಿಕೊಳ್ಳಬೇಕು, ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾನೂನು ಭಾವಿಸುತ್ತದೆ. ಮಾರಾಟದ ರೀಲ್ಸ್‌ಗೆ ಸಿನಿಮಾ ಹಾಡು ಹಾಕುವುದು ವಾಣಿಜ್ಯ ಬಳಕೆ, ಅದಕ್ಕೆ ಅನುಮತಿ ಬೇಕು.

ನನಗೆ ಹೆಚ್ಚು ನೋವು ಕೊಡುವುದು ಊರುಗಳ ಹೆಸರಿನ ದುರ್ಬಳಕೆ. ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಗುಳೇದಗುಡ್ಡ ಖಣ, ಧಾರವಾಡ ಪೇಡ, ಬ್ಯಾಡಗಿ ಮೆಣಸಿನಕಾಯಿ, ಚನ್ನಪಟ್ಟಣದ ಗೊಂಬೆ ಇವೆಲ್ಲ ಜಿಐ ನೋಂದಣಿ ಪಡೆದವು. ಬೇರೆ ರಾಜ್ಯದ ಪವರ್‌ಲೂಮ್ ಬಟ್ಟೆಯನ್ನು ‘ಇಳಕಲ್’ ಎಂದು ಪುಟದಲ್ಲಿ ಹಾಕಿ ಮಾರುವುದು ಜೈಲು ಮತ್ತು ದಂಡ ಎರಡಕ್ಕೂ ಎಡೆಮಾಡುವ ಅಪರಾಧ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವ ತೋಪು ತೆನಿ ಎಂಬ ಕಸುಬಿದೆ. ಆ ಹೆಸರನ್ನು ಹುಡುಕುಪದವಾಗಿ ಮಾತ್ರ ಬಳಸಿಕೊಳ್ಳುವವರು ಆ ನೇಕಾರರ ಅನ್ನವನ್ನೇ ಕಸಿಯುತ್ತಾರೆ. ‘ಇಳಕಲ್ ಶೈಲಿಯ’ ಎಂದು ಸೇರಿಸಿದರೆ ಪಾರಾಗುತ್ತೇವೆ ಎಂಬುದೂ ತಪ್ಪು ತಿಳಿವಳಿಕೆ. ನೇಕಾರರ ಬಿಲ್, ಅವರ ಅಧಿಕೃತ ಬಳಕೆದಾರ ಸಂಖ್ಯೆ ಇಟ್ಟುಕೊಂಡು ಮಾರಿ, ಅದನ್ನು ಪುಟದಲ್ಲೂ ತೋರಿಸಿ.

ಏಳನೆಯ ಹೆಜ್ಜೆ: ಮೋಸ ಮತ್ತು ಸ್ತಂಭಿತ ಖಾತೆ

ಹಣ ಪಾವತಿಯ ನಕಲಿ ಸ್ಕ್ರೀನ್‌ಶಾಟ್ ನೋಡಿ ಮಾಲು ಕಳಿಸಬೇಡಿ, ಖಾತೆಯಲ್ಲಿ ಜಮೆ ನೋಡಿಯೇ ಕಳಿಸಿ. ಮೋಸವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇದಕ್ಕಿಂತ ಕಠಿಣವಾದದ್ದು ಮತ್ತೊಂದು. ಯಾರೋ ಸೈಬರ್ ವಂಚಕ ಕದ್ದ ಹಣದಿಂದ ನಿಮ್ಮಲ್ಲಿ 900 ರೂಪಾಯಿಯ ಮಾಲು ಕೊಂಡಿರುತ್ತಾನೆ; ದೂರದ ರಾಜ್ಯದ ಪೊಲೀಸರು ಹಣದ ಜಾಡು ಹಿಡಿದು ಬಂದಾಗ ಬ್ಯಾಂಕು ನಿಮ್ಮ ಇಡೀ ಖಾತೆಯನ್ನು ಸ್ತಂಭಿಸುತ್ತದೆ. ನನ್ನ ಖಾತೆಗೂ ಹೀಗಾಗಿ ಹದಿನೆಂಟು ದಿನ ಹಣ ತೆಗೆಯಲಾಗಲಿಲ್ಲ, ಶಾಖೆಯಲ್ಲಿ ಕಾರಣ ಹೇಳುವವರೂ ಇರಲಿಲ್ಲ. ಆಗ ಬ್ಯಾಂಕಿನಿಂದ ದೂರಿನ ಸಂಖ್ಯೆ, ಯಾವ ಪೊಲೀಸ್ ಠಾಣೆ, ಎಷ್ಟು ಮೊತ್ತ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ. ತನಿಖಾಧಿಕಾರಿಗೆ ಆ ಆರ್ಡರ್‌ನ ಬಿಲ್, ಕೊರಿಯರ್ ರಸೀದಿ, ತಲುಪಿದ ದಾಖಲೆ, ಗ್ರಾಹಕರೊಂದಿಗಿನ ಸಂದೇಶಗಳನ್ನು ಇಮೇಲ್ ಮಾಡಿ, ವಿವಾದಿತ ಮೊತ್ತವನ್ನು ಮಾತ್ರ ತಡೆಹಿಡಿದು ಉಳಿದದ್ದನ್ನು ಬಿಡುವಂತೆ ಕೋರಿ. ಕೇಳದಿದ್ದರೆ ವಕೀಲರ ಮೂಲಕ ಸಂಬಂಧಪಟ್ಟ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅಥವಾ ಹೈಕೋರ್ಟ್‌ಗೆ ಹೋಗಬೇಕಾಗುತ್ತದೆ. ಪ್ರತಿ ಆರ್ಡರ್‌ಗೂ ಬಿಲ್ ಬರೆಯುವ ಅಭ್ಯಾಸ ಇಲ್ಲಿ ನಿಮ್ಮನ್ನು ಕಾಯುತ್ತದೆ.

ನೋಟಿಸ್ ಬಂದರೆ

ಗ್ರಾಹಕ ಆಯೋಗದ ನೋಟಿಸ್ ಬಂದರೆ ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಒಟ್ಟು 45 ದಿನಗಳ ಆಚೆಗೆ ಸಮಯ ಕೊಡಲು ಆಯೋಗಕ್ಕೆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರಲ್ಲಿ ತೀರ್ಪು ನೀಡಿದೆ. ಆದ್ದರಿಂದ ಲಕೋಟೆಯ ಮೇಲೆ ತಲುಪಿದ ದಿನಾಂಕ ಬರೆದು, ಅದೇ ವಾರ ವಕೀಲರನ್ನು ಕಾಣಿ.

ಜಿಎಸ್‌ಟಿ ನೋಟಿಸ್ ಹೆಚ್ಚಾಗಿ ಮನೆ ಬಾಗಿಲಿಗೆ ಬರುವುದಿಲ್ಲ, ಪೋರ್ಟಲ್‌ನಲ್ಲಿ ಮತ್ತು ನೋಂದಾಯಿತ ಇಮೇಲ್‌ಗೆ ಬರುತ್ತದೆ. ನೋಂದಣಿ ಮಾಡಿಸಿಕೊಟ್ಟವರು ತಮ್ಮದೇ ಫೋನ್ ಮತ್ತು ಇಮೇಲ್ ಹಾಕಿಕೊಂಡಿರುವುದು ಎಷ್ಟೋ ಕಡೆ ಇದೆ. ಮಾಲೀಕರಿಗೆ ವಿಷಯ ತಿಳಿಯುವ ಹೊತ್ತಿಗೆ ಏಕಪಕ್ಷೀಯ ಆದೇಶವಾಗಿ, ನೋಂದಣಿ ರದ್ದಾಗಿರುತ್ತದೆ. ಇವತ್ತು ಸಂಜೆಯೇ ಪೋರ್ಟಲ್‌ಗೆ ಲಾಗಿನ್ ಆಗಿ ನಿಮ್ಮ ವಿವರದ ಪುಟದಲ್ಲಿ ಯಾರ ಸಂಖ್ಯೆ ಇದೆಯೆಂದು ನೋಡಿ, ನಿಮ್ಮದಲ್ಲದಿದ್ದರೆ ಬದಲಾಯಿಸಿ, ಪಾಸ್‌ವರ್ಡನ್ನೂ ನಿಮ್ಮ ಕೈಗೆ ತೆಗೆದುಕೊಳ್ಳಿ.